ಹಸಿರು ನೀರು ಹೋದ ದಾರಿ

ಅಟೋಕ್ ಬೆಟ್ಟದ ಹಳ್ಳಿಗಳಲ್ಲಿ ಹೆರಿಗೆ ಮಾಡಿಸುವ ನರ್ಸ್ ಫಿಡೇಲಾಗೆ ಆ ಜನವರಿಯಲ್ಲಿ ತನ್ನ ಹಳೆಯ ವ್ಯಾನಿನ ಮೇಲೆ ಬಂದಷ್ಟು ಸಿಟ್ಟು ಗಂಡನ ಮೇಲೂ ಎಂದೂ ಬಂದಿರಲಿಲ್ಲ. ಎಂಜಿನ್ ತಂಪಾಗಿಡುವ ಹಸಿರು ಕೂಲೆಂಟ್ ಡಬ್ಬಿಯಲ್ಲಿ ದಿನವೂ ಒಂದಿಷ್ಟು ಇಳಿಯುತ್ತಿತ್ತು. ಎಲ್ಲಿಗೆ ಹೋಗುತ್ತಿತ್ತೋ ದೇವರೇ ಬಲ್ಲ. ಗಾಡಿಯಡಿ ರಟ್ಟು ಹಾಸಿ ನೋಡಿದಳು. ರಟ್ಟಿನ ಮೇಲೆ ಒಂದು ಹನಿಯೂ ಇಲ್ಲ.

ಒಂದು ದಿನ ಹೆರಿಗೆ ಮಾಡಿಸಲು ಹೊರಟಾಗ ಏರುದಾರಿಯ ನಡುವೆ ಬಿಸಿಯ ಮುಳ್ಳು ಕೆಂಪಿಗೆ ಹೋಗಿ ಬಾನೆಟ್ಟಿನಿಂದ ಹಬೆ ಎದ್ದಿತು. ಕೋಸು ತುಂಬಿದ ಲಾರಿಗೆ ಕೈ ಅಡ್ಡ ಹಿಡಿದು, ಮೂಟೆಗಳ ನಡುವೆ ಕೂತು ಹೋಗುವಷ್ಟರಲ್ಲಿ ಮಗು ಹುಟ್ಟಿಯಾಗಿತ್ತು. ಹೊಕ್ಕುಳಬಳ್ಳಿ ಕತ್ತರಿಸಿದವಳು ಮನೆಯ ಅಜ್ಜಿ. ತಾಯಿ ಮಗು ಚೆನ್ನಾಗಿಯೇ ಇದ್ದರು. ಆದರೆ ಅಜ್ಜಿ, "ಬಂದ್ಯಾ ತಾಯಿ? ಇನ್ನೂ ತಡ ಆಗಿದ್ರೆ ಮಗೂನೇ ಎದ್ದು ಬಂದು ನಿಂಗೆ ಬಾಗಿಲು ತೆಗೀತಿತ್ತು" ಎಂದ ಮಾತು ಅವಳ ಎದೆಗೆ ನಾಟಿತು.

ಕೆಳಗೆ ಲಾ ಟ್ರಿನಿಡಾಡ್‌ನಲ್ಲಿ ಅವಳ ಚಿಕ್ಕಪ್ಪನ ಮಗ ಡೊಮಿಂಗೊ ಗ್ಯಾರೇಜು ಇಟ್ಟಿದ್ದ. ಮೊದಲ ಸಲ ಹೋದಾಗ, "ಮುಚ್ಚಳ ಸಡಿಲ, ಮನಾಂಗ್" ಎಂದು ಅಕ್ಕನ ಕೈಗೆ ಕಾಫಿ ಕೊಟ್ಟು ಹೊಸ ಮುಚ್ಚಳ ಹಾಕಿದ. ನೀರು ಇಳಿಯಿತು. ಎರಡನೇ ಸಲ ನೀರಿನ ಪಂಪನ್ನೇ ಬದಲಾಯಿಸಿದ. ಆಗಲೂ ಇಳಿಯಿತು. ಮೂರನೇ ಸಲ ರೇಡಿಯೇಟರಿನ ಬಾಯಿಗೆ ಕೈಪಂಪು ಸಿಕ್ಕಿಸಿ ಗಾಳಿ ಒತ್ತಿದ. ಪಂಪಿನ ಒತ್ತಡ ತೋರಿಸುವ ಮುಳ್ಳು ನಿಂತಲ್ಲೇ ನಿಂತಿತು.

"ನೋಡು. ಸೋರ್ತಾ ಇದ್ರೆ ಮುಳ್ಳು ಬೀಳ್ಬೇಕಿತ್ತು."

"ಹಾಗಾದ್ರೆ ನಾನು ಕುಡೀತಿದೀನಾ?"

"ಮೇಲೆ ಚಳಿ ಜಾಸ್ತಿ ಅಲ್ವಾ, ಗಾಡೀನೇ ಒಂದು ಗುಟುಕು ಹಾಕ್ಕೊಳ್ತಿರ್ಬೇಕು." ಅವನು ತನ್ನ ಮಾತಿಗೆ ತಾನೇ ನಕ್ಕ.

ಫಿಡೇಲಾ ನಗಲಿಲ್ಲ. "ಶನಿವಾರ ಬೆಳಿಗ್ಗೆ ಡಬ್ಬಿ ಮೇಲೆ ಗೆರೆ ಎಳ್ದಿದ್ದೆ. ಗಾಡಿ ಮುಟ್ಟಲೇ ಇಲ್ಲ. ಭಾನುವಾರ ಬೆಳಿಗ್ಗೆ ನೀರು ಗೆರೆಗಿಂತ ಕೆಳಗಿತ್ತು. ಓಡುವಾಗ ಅಲ್ಲ ಕಣೋ, ನಿಂತಾಗ ಹೋಗ್ತಿದೆ."

"ನಿಂತ ಗಾಡಿ ಎಲ್ಲಾದ್ರೂ ಸೋರುತ್ತಾ? ಒತ್ತಡಾನೇ ಇರಲ್ಲ."

"ನೀನು ಬಂದು ನೋಡು. ಬೆಳಿಗ್ಗೆ, ನಮ್ಮನೇಲಿ. ಬರಲ್ಲ ಅಂದ್ರೆ ಹೇಳು, ಎದುರುಗಡೆ ಗ್ಯಾರೇಜಿಗೆ ಈಗಲೇ ಹೋಗ್ತೀನಿ."

ಆ ಮಾತು ಕೆಲಸ ಮಾಡಿತು. ಡೊಮಿಂಗೊ ಗೊಣಗುತ್ತಲೇ ಅವಳ ಜೊತೆ ಬೆಟ್ಟ ಹತ್ತಿದ.

ಬೆಳಗಾಗುವ ಹೊತ್ತಿಗೆ ಕೋಸಿನ ಎಲೆಗಳ ಮೇಲೆ ಹಿಮ ಬಿಳಿಯಾಗಿ ಕೂತಿತ್ತು. ಕಂಬಳಿ ಹೊದ್ದು ಹೊರಬಂದ ಡೊಮಿಂಗೊ ಹಲ್ಲು ಕಟಕಟಿಸುತ್ತ ಮತ್ತೆ ಪಂಪು ಸಿಕ್ಕಿಸಿ ಗಾಳಿ ಒತ್ತಿದ. ಮುಳ್ಳು ಒಂದು ಕ್ಷಣ ನಿಂತಿತು. ಆಮೇಲೆ ಮೆಲ್ಲಗೆ ಜಾರತೊಡಗಿತು.

ಅವನು ಕಂಬಳಿ ಎಸೆದು ಗಾಡಿಯಡಿ ನುಸುಳಿ, ಎಂಜಿನ್ನಿನ ಅಡಿಗೆ ಕಟ್ಟಿದ್ದ ಪ್ಲಾಸ್ಟಿಕ್ ತಟ್ಟೆ ಬಿಚ್ಚಿದ. ತಟ್ಟೆಯ ಒಳಗೆ ಒಣಗಿದ ಹಸಿರು ಕಲೆ, ಪದರದ ಮೇಲೆ ಪದರ. ನೆಲದ ರಟ್ಟಿಗೆ ಹನಿ ತಲುಪಿರಲೇ ಇಲ್ಲ. ಟಾರ್ಚು ಮೇಲೆತ್ತಿದರೆ, ಕೆಳಗಿನ ರಬ್ಬರ್ ಪೈಪಿನ ಬಾಯಲ್ಲಿ ಕ್ಲಿಪ್ಪಿನ ಪಕ್ಕ ಒಂದು ಹನಿ ತೂಗುತ್ತಿತ್ತು. ಚಳಿಗೆ ರಬ್ಬರ್ ಕುಗ್ಗಿ ಬಿಟ್ಟುಕೊಳ್ಳುವುದು, ಎಂಜಿನ್ ಬಿಸಿಯಾದರೆ ಹಿಗ್ಗಿ ಕಚ್ಚಿಕೊಳ್ಳುವುದು. ಬಿದ್ದ ಹನಿ ಆ ಬಿಸಿಗೇ ಆರಿಹೋಗುವುದು. ಕೆಳಗಿನ ಊರಿನ ಬಿಸಿಲಲ್ಲಿ, ಗ್ಯಾರೇಜಿನಲ್ಲಿ ಎಷ್ಟು ಸಲ ನೋಡಿದರೂ ಅದು ಸಿಗುವಂತಿರಲಿಲ್ಲ.

"ಆ ಪೈಪು ಹೋದ ಮಳೆಗಾಲದಲ್ಲಿ ಹಾಕಿದ್ದಲ್ವಾ?" ಫಿಡೇಲಾ ಕೇಳಿದಳು.

ಗಾಡಿಯಡಿ ಅವನು ಕ್ಲಿಪ್ಪು ಸಡಿಲಿಸತೊಡಗಿದ. "ಹ್ಞೂಂ."

"ಹಾಕಿದ್ದು ಯಾರು?"

"ಸರಿಯಾದ ಅಳತೆಯ ಕ್ಲಿಪ್ಪು ಅವತ್ತು ಸಿಗ್ಲಿಲ್ಲ, ಮನಾಂಗ್. ಸದ್ಯಕ್ಕೆ ಇರ್ಲಿ ಅಂತ ಹಾಕ್ದೆ. ಆಮೇಲೆ ಮರ್ತೇಹೋಯ್ತು."

ಬಾಯಿಗೆ ಬಂದದ್ದನ್ನೆಲ್ಲ ಅಂದುಬಿಡಬೇಕೆನಿಸಿತು ಅವಳಿಗೆ. ಲಾರಿಯ ಮೂಟೆಗಳ ನಡುವೆ ಕೂತು ಹೋದದ್ದು, ಬದಲಾಯಿಸಿದ ಆ ಪಂಪು, ಅವನ ನಗು ಎಲ್ಲ ಒಟ್ಟಿಗೇ ನೆನಪಾಯಿತು. ಆದರೆ ಚಳಿಗೆ ನೀಲಿಗಟ್ಟಿದ ಬೆರಳಲ್ಲಿ ಅವನು ಪೈಪು ಕೂರುವ ಲೋಹದ ಬಾಯಿಯ ಕಿಲುಬು ಕೆರೆಯುತ್ತಿದ್ದುದನ್ನು ಕಂಡು ಸುಮ್ಮನಾದಳು. ಒಳಗೆ ಹೋಗಿ ಬೇಯಿಸಿದ ಗೆಣಸು, ಕಾಫಿ ತಂದು ಅವನ ಪಕ್ಕದಲ್ಲಿ ಇಟ್ಟಳು. ಲೋಟವನ್ನು ಮಾತ್ರ ಕುಕ್ಕಿಯೇ ಇಟ್ಟಳು.

ತಂದಿದ್ದ ಪೆಟ್ಟಿಗೆಯಲ್ಲಿ ಅಳತೆಗೆ ಒಪ್ಪುವ ಕ್ಲಿಪ್ಪು ಸಿಕ್ಕಿತು. ಬಿಗಿದು ಮತ್ತೆ ಗಾಳಿ ಒತ್ತಿದ. ಅವನ ಕಾಫಿ ಮುಗಿದು ಲೋಟ ತಣ್ಣಗಾದರೂ ಮುಳ್ಳು ಕದಲಲಿಲ್ಲ.

"ಈಗ ಸರಿಹೋಯ್ತು ಅಂತ ಒಪ್ತೀಯಾ?" ಎಂದ ಅವನು, ಹೊಗಳಿಕೆಗೆ ಕಾದವನಂತೆ.

"ನಾಳೆ ಬೆಳಿಗ್ಗೆ ಹೇಳ್ತೀನಿ."

ಮರುದಿನ, ಕೆಳಗೆ ಮರಳಿದ್ದ ಅವನಿಗೆ ಫೋನ್ ಮಾಡಿ "ಇಳಿದಿಲ್ಲ" ಎಂದಷ್ಟೇ ಹೇಳಿ ಇಟ್ಟುಬಿಟ್ಟಳು. ಒಂದು ವಾರದವರೆಗೂ ಏರುದಾರಿಯಲ್ಲಿ ಅವಳ ಕಣ್ಣು ರಸ್ತೆಗಿಂತ ಹೆಚ್ಚಾಗಿ ಆ ಬಿಸಿಯ ಮುಳ್ಳಿನ ಮೇಲೇ ಇರುತ್ತಿತ್ತು.