ಮಾರ್ದನಿಯ ಟೇಪು

ಹಾಲೆಂಡಿನಿಂದ ಬಂದಿದ್ದ ಯೋರಿಸ್ ಎಂಬ ಆಸಾಮಿ ಊಟದ ಮೇಜಿನ ಮೇಲೆ ಟೇಪ್ ಯಂತ್ರ ಇಟ್ಟಾಗ ಆರ್ವಿಲ್ ಟಿಡ್‌ವೆಲ್‌ಗೆ ಮೊದಲು ಹೆಮ್ಮೆಯೇ ಆಯಿತು. ಅರ್ಕಾನ್ಸಾಸಿನ ಈ ಹತ್ತಿ ಸೀಮೆಯಲ್ಲಿ ಅವನನ್ನು ಈಗ ಟ್ರ್ಯಾಕ್ಟರ್ ರಿಪೇರಿಯವನೆಂದೇ ಎಲ್ಲರೂ ಬಲ್ಲರು. ಸಾವಿರದ ಒಂಬೈನೂರ ಐವತ್ತಾರರಲ್ಲಿ ಅವನು ಹಾಡಿದ ಒಂದು ರಾಕಬಿಲ್ಲಿ ಹಾಡು, ಹಳ್ಳಿ ಗಿಟಾರಿನ ಕುಣಿತದ ಧಾಟಿಯದು, ಇಡೀ ಬೇಸಿಗೆ ದೇಶದ ರೇಡಿಯೋಗಳಲ್ಲೆಲ್ಲ ಕುಣಿದಿತ್ತು. ಆಮೇಲಿನ ಒಂಬತ್ತು ಹಾಡುಗಳನ್ನು ನಾಯಿಯೂ ಮೂಸಲಿಲ್ಲ. ಮೂವತ್ತು ವರ್ಷದ ಮೇಲೆ ಅಂಥವನನ್ನು ಹುಡುಕಿಕೊಂಡು ಕಡಲು ದಾಟಿ ಬರುವ ಹುಚ್ಚರೂ ಇದ್ದಾರಲ್ಲ!

"ಹಳೇ ರೆಕಾರ್ಡಿಂಗ್ ಎಲ್ಲಾ ಸೇರಿಸಿ ಹೊಸ ಎಲ್ಪಿ ತರ್ತೀವಿ ಸಾರ್," ಎಂದ ಯೋರಿಸ್. "ಸ್ಟುಡಿಯೋ ಮಾಲೀಕರ ಅಟ್ಟದಲ್ಲಿ ಇದೊಂದು ಸಿಕ್ತು. ಅಸಲಿ ಟೇಪಲ್ಲ, ಮಾರ್ದನಿ ಯಂತ್ರದ್ದು."

"ಹಾಗಂದ್ರೇನಪ್ಪಾ?" ಎಂದಳು ಆರ್ವಿಲ್‌ನ ಹೆಂಡತಿ ಲೊವೀನಾ, ಬೇಯಿಸಿದ ಬೀನ್ಸ್ ಬಡಿಸುತ್ತ.

"ಹಾಡೋರ ದನಿ ಹಿಂದೆನೇ ಇನ್ನೊಂದು ದನಿ ಬರುತ್ತಲ್ಲ ಮೇಡಂ, ಅದಕ್ಕೆ ಎರಡನೇ ಯಂತ್ರ ಇಡ್ತಿದ್ರು. ಹಾಡು ಮುಗಿದ್ರೆ ಕೆಂಪು ದೀಪ ಆರಿಸಿ ಮೊದಲ್ನೇದನ್ನ ನಿಲ್ಲಿಸೋರು. ಎರಡನೇದು ಯಾರಿಗೂ ನೆನಪಾಗ್ತಿರ್ಲಿಲ್ಲ, ಓಡ್ತಾನೇ ಇರೋದು. ಮಧ್ಯೆ ಆಡಿದ ಮಾತೆಲ್ಲ ಇದರಲ್ಲಿದೆ! ನಾನೂ ಕೇಳಿಲ್ಲ, ನಿಮ್ಮೆದುರೇ ಕೇಳೋಣ ಅಂತ."

ಆರ್ವಿಲ್ ಎತ್ತಿದ ತುತ್ತನ್ನು ತಟ್ಟೆಗೇ ಇಳಿಸಿದ.

ಆ ಹಾಡು ಅವನದಲ್ಲ. ಲೊವೀನಾಳ ಅಣ್ಣ, ಆಳೆತ್ತರದ ತಂತಿವಾದ್ಯ ಡಬಲ್ ಬೇಸ್ ಬಾರಿಸುತ್ತಿದ್ದ ಹಾಯ್ಟ್ ಕಟ್ಟಿದ್ದು. ಆ ದಿನ ಹಾಯ್ಟ್ ಹೊರಗೆ ಹೋಗಿದ್ದಾಗ, ಕೆಂಪು ದೀಪ ಆರಿದೆಯೆಂಬ ಧೈರ್ಯದ ಮೇಲೆ ಆರ್ವಿಲ್ ಮಾಲೀಕನಿಗೆ ಹೇಳಿದ್ದ: ಲೇಬಲ್ ಮೇಲೆ ನನ್ನ ಹೆಸರೊಂದೇ ಹಾಕಿ, ಅವನಿಗೆ ಓದಲು ಬರುವುದಿಲ್ಲ. ರೆಕಾರ್ಡು ಕೈಗೆ ಬಂದಾಗ ಹಾಯ್ಟ್ ಅಕ್ಷರಗಳ ಕೆಳಗೆ ಬೆರಳಾಡಿಸಿ "ಇದೇನಾ ನನ್ ಹೆಸರು?" ಎಂದ. "ಹೂಂ" ಎಂದ ಆರ್ವಿಲ್. ಅದೇ ತಿಂಗಳು ರೈಲ್ವೆ ಗೇಟಿನಲ್ಲಿ ಹಾಯ್ಟ್ ರೈಲಿಗೆ ಸಿಕ್ಕಿ ಕಾರಿನ ಸಮೇತ ಹೋಗಿಬಿಟ್ಟ. ಅಣ್ಣನ ಹಾಡು ನಿನ್ನದು ಹೇಗಾಯಿತೆಂದು ಲೊವೀನಾ ಕೇಳಿದ್ದಳು. ಒಂದು ಬಾಟಲಿ ವಿಸ್ಕಿಗೆ ಕೊಟ್ಟುಬಿಟ್ಟ ಎಂದಿದ್ದ ಆರ್ವಿಲ್. ಮರುವರ್ಷ ಅವಳನ್ನೇ ಮದುವೆಯಾದ. ಅಂದಿನಿಂದ ಅವಳು ಅಣ್ಣನನ್ನು ಕುಡುಕನೆಂದು ಬೈಯುತ್ತಲೇ ಬಂದಿದ್ದಾಳೆ, ಇವನು ಕೇಳುತ್ತಲೇ ಬಂದಿದ್ದಾನೆ. ಈಗ ಈ ಟೇಪು ಬಾಯಿಬಿಟ್ಟರೆ ಅವಳು ತನ್ನ ಜೊತೆ ಒಂದು ರಾತ್ರಿಯೂ ಇರುವುದಿಲ್ಲವೆಂದು ಅವನಿಗೆ ಖಾತ್ರಿಯಿತ್ತು.

"ಮೊದ್ಲು ಊಟ ಮಾಡಪ್ಪ, ಮೀನು ಆರಿಹೋಗುತ್ತೆ," ಎಂದ. "ಆಮೇಲೆ ಟೇಪು ಬೇರೆ ಹಳೇದು. ಹರಿದುಗಿರಿದು ಹೋದ್ರೆ?"

"ಏನ್ ಮುದುಕಾ, ಯಾವತ್ತೂ ಇಲ್ಲದ ನಾಚ್ಕೆ ಇವತ್ತು?" ಲೊವೀನಾ ನಕ್ಕಳು. "ಹಾಕಪ್ಪ ನೀನು. ನಮ್ಮಣ್ಣನ ದನಿ ಇದ್ರೂ ಇರಬಹುದು."

ಸುರುಳಿ ತಿರುಗಿತು. ಗಿಟಾರು, ಬೇಸ್ ತಂತಿಯ ಚಟಪಟ, ಇಪ್ಪತ್ತೆರಡು ವರ್ಷದ ಆರ್ವಿಲ್‌ನ ಕೇಕೆ. ಹಾಡು ಅರ್ಧಕ್ಕೇ ನಿಂತಿತು. ಆಮೇಲೆ ಇನ್ನೊಂದು ದನಿ:

"ಮೂಗಲ್ಲಿ ಹಾಡ್ಬೇಡ್ವೋ ಆರ್ವಿಲ್, ಕರು ಹಾಕೋ ಹಸು ಕೂಗ್ದಂಗಿದೆ!"

ಲೊವೀನಾ ಏಪ್ರನ್ನಿನ ಅಂಚನ್ನು ಬಾಯಿಗೊತ್ತಿಕೊಂಡಳು. "ಹಾಯ್ಟ್," ಎಂದಳು. ನಗುತ್ತಿದ್ದಳೋ ಅಳುತ್ತಿದ್ದಳೋ ಅವಳಿಗೇ ತಿಳಿದಿರಲಾರದು. ಆರ್ವಿಲ್ ಅವಳ ಕಡೆ ನೋಡದೆ ಸುರುಳಿಯನ್ನೇ ನೋಡುತ್ತಿದ್ದ. ಇನ್ನೊಂದು ಸಲ ಹಾಡು. ಮತ್ತೊಂದು ಸಲ. ಆಮೇಲೆ ಹಾಯ್ಟ್:

"ಥೂ, ತಂತಿ ಕಿತ್ಹೋಯ್ತು. ಇನ್ನೊಂದು ಕಾರಲ್ಲಿದೆ, ತರ್ತೀನಿ ಇರಿ."

ಬಾಗಿಲು ಕಿರುಗುಟ್ಟಿತು. ಮುಂದಿನ ಮಾತು ತನ್ನದೇ.

"ನಾನೇ ಹೇಳ್ತೀನಿ!" ಆರ್ವಿಲ್ ಕೂಗಿದ. ಕುರ್ಚಿ ಹಿಂದಕ್ಕೆ ಬಿತ್ತು. "ಯಂತ್ರದ ಬಾಯಿಂದ ಬೇಡ ಲೊವೀನಾ, ನಾನೇ ಹೇಳ್ತೀನಿ. ವಿಸ್ಕಿ ಸುಳ್ಳು. ಅವ್ನು ಹಾಡು ಮಾರ್ಲೂ ಇಲ್ಲ, ಕೊಡ್ಲೂ ಇಲ್ಲ. ಓದೋಕೆ ಬರಲ್ಲ ಅಂತ ನಾನೇ ಅವನ ಹೆಸರು ಬಿಡಿಸ್ದೆ. ಸಾಯೋವರೆಗೂ ಲೇಬಲ್ ಮೇಲೆ ಇರೋದು ತನ್ನ ಹೆಸರು ಅಂತ್ಲೇ ನಂಬಿದ್ದ."

ಟೇಪು ಒಂದೆರಡು ಸುತ್ತು ಸುಂಯ್ ಎಂದಿತು. ಆಮೇಲೆ ಅದರ ತುದಿ ಕಳಚಿಕೊಂಡು ಪಟಪಟ ಹೊಡೆದುಕೊಳ್ಳತೊಡಗಿತು.

"ಇಷ್ಟೇ ಇರೋದು," ಎಂದ ಯೋರಿಸ್ ಮೆಲ್ಲಗೆ. "ಬಾಗಿಲ ಸದ್ದಿಗೇ ಸುರುಳಿ ಮುಗೀತು."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಇಲ್ಲಿ ಕಳ್ಳ ಅಂದವರೂ ಯಾರೂ ಇರಲಿಲ್ಲ. ಅರ್ಧ ನಿಮಿಷ ಬಾಯಿ ಮುಚ್ಚಿಕೊಂಡಿದ್ದರೆ ಎಲ್ಲ ಹಾಗೇ ಉಳಿಯುತ್ತಿತ್ತೆಂದು ಆರ್ವಿಲ್‌ಗೆ ಹೊಳೆಯಿತು. ಹಾಗೆ ಹೊಳೆದದ್ದಕ್ಕೆ ನಾಚಿಕೆಯೂ ಆಯಿತು.

ಲೊವೀನಾ ಕೂಗಾಡಲಿಲ್ಲ. ಅವನ ಜೀವ ನಡುಗಿದ್ದು ಅದಕ್ಕೇ.

"ಪ್ರತಿ ಮೇ ತಿಂಗಳು ಅಪ್ಪ ಅಮ್ಮನ ಗೋರಿಗೆ ಹೂ ಇಟ್ಟೆ," ಎಂದಳು. "ಅಣ್ಣನದು ಪಕ್ಕದಲ್ಲೇ. ಕುಡುಕನಿಗ್ಯಾಕೆ ಹೂವು ಅಂತ ದಾಟ್ಕೊಂಡು ಬಂದೆ. ಮೂವತ್ತು ಸಲ."

"ಲೊವೀನಾ..."

ಅವಳು ತಿರುಗಲಿಲ್ಲ. ಒಂದು ಸಲ ತನ್ನ ಕಡೆ ತಿರುಗಿ ಉಗಿದರೂ ಸಾಕೆಂದು ಅವನು ಕಾದ. ಅವಳು ಮೇಜಿನ ಮೇಲಿದ್ದ ಪೆನ್ನನ್ನು ಯೋರಿಸ್‌ನ ಕಡೆ ತಳ್ಳಿದಳು.

"ಹೊಸ ಎಲ್ಪಿ ಮೇಲೆ ಹಾಡು ಯಾರದ್ದು ಅಂತ ಹಾಕ್ತೀರಲ್ಲ, ಬರ್ಕೋ. ಹಾಯ್ಟ್ ಯೂಜೀನ್ ಪ್ರೂಯಿಟ್."

ಯೋರಿಸ್ ಪೆನ್ನು ಹಿಡಿದು ಅನುಮಾನದಿಂದ ಆರ್ವಿಲ್‌ನ ಮುಖ ನೋಡಿದ.

"ಅಲ್ಲೇನ್ ನೋಡ್ತೀಯಪ್ಪಾ?" ಎಂದಳು ಲೊವೀನಾ. "ಅಲ್ಲಿ ಯಾರೂ ಇಲ್ಲ. ಬರಿ."