ಕಂಪ್ಲಿಯಿಂದ ಬಂದ ಏಳು ಕಿಟಕಿಗಳು

ಗವಿಸಿದ್ದಪ್ಪ ಸಾಹುಕಾರರ ಏಳು ಕೋಣೆಯ ವಠಾರಕ್ಕೆ ಕಿಟಕಿಗಳು ಬಂದದ್ದು ಕಂಪ್ಲಿಯಿಂದ, ಎತ್ತಿನ ಗಾಡಿಯ ಮೇಲೆ. ಅಲ್ಲಿ ಯಾರದೋ ಹಳೆಯ ಮನೆ ಬಿಚ್ಚಿದಾಗ ಅಗ್ಗಕ್ಕೆ ಸಿಕ್ಕ ಏಳು ಚೌಕಟ್ಟು, ಹದಿನಾಲ್ಕು ಕದ. ಬಡಗಿ ಎರಡು ದಿನ ಕೂತು ಅವನ್ನು ಬೀದಿಯ ಕಡೆಯ ಗೋಡೆಗೆ ಬಡಿದು ಕೂರಿಸಿದ, ಕದಗಳಿಗೆ ಒಂದೊಂದು ಮೊಳೆ ಹೊಡೆದು ಮುಚ್ಚಿದ, ಮೇಲೆ ಹಸಿರು ಬಣ್ಣ ಬಳಿದು ಹೋದ. ಗೋಡೆಗೆ ಮಾತ್ರ ಒಂದು ತೂತೂ ಬೀಳಲಿಲ್ಲ. ಕದದ ಹಿಂದೆ ಒಂದೂವರೆ ಮೊಳ ದಪ್ಪದ ಕಲ್ಲುಮಣ್ಣಿನ ಗೋಡೆ ಮೊದಲು ಹೇಗಿತ್ತೋ ಹಾಗೇ ಇತ್ತು.

ಇದಕ್ಕೆಲ್ಲ ಕಾರಣ ಪ್ಲೇಗು. ಹಿಂದಿನ ವರ್ಷ ಹೊಸಪೇಟೆಯ ಅರ್ಧ ಜನ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ಕೂತು ಬಂದ ಮೇಲೆ, ಊರಿನ ದೊಡ್ಡವರಿಗೆ ಗಾಳಿ ಬೆಳಕಿನ ನೆನಪಾಯಿತು. ಪ್ಲೇಗ್ ಕಮಿಟಿ ಎಂದು ಒಂದು ಹುಟ್ಟಿತು. ಬಾಡಿಗೆಗೆ ಕೊಡುವ ಪ್ರತಿ ಕೋಣೆಗೂ ಒಂದು ಕಿಟಕಿ ಇರಲೇಬೇಕು, ಇಲ್ಲದಿದ್ದರೆ ಕೋಣೆಗೆ ಬೀಗ ಎಂದು ಅದು ನಿಯಮ ಮಾಡಿತು. ಆ ಸಭೆಯಲ್ಲಿ ಎಲ್ಲರಿಗಿಂತ ಮೊದಲು ಕೈ ಎತ್ತಿದವರು ಮೆಂಬರ್ ಗವಿಸಿದ್ದಪ್ಪನವರೇ. ಬಡವರ ಆರೋಗ್ಯದ ಬಗ್ಗೆ ಅರ್ಧ ಗಂಟೆ ಮಾತಾಡಿದರಂತೆ. ಶಾಸ್ತ್ರ ಹೇಳೋದಕ್ಕೆ, ಬದನೆಕಾಯಿ ತಿನ್ನೋದಕ್ಕೆ. ಕೈ ಎತ್ತುವುದಕ್ಕೆ ಖರ್ಚಿಲ್ಲ, ಗೋಡೆ ತೋಡುವುದಕ್ಕೆ ಗೌಂಡಿಯನ್ನು ಕರೆಸಬೇಕಲ್ಲ.

ವಠಾರದ ಮೂರನೆಯ ಕೋಣೆಯಲ್ಲಿದ್ದವಳು ಭರಮಮ್ಮ. ಸಂಡೂರಿನಿಂದ ಬಂದ ಅದಿರನ್ನು ಸ್ಟೇಷನ್ನಿನಲ್ಲಿ ಬುಟ್ಟಿಯಿಂದ ವ್ಯಾಗನ್ನಿಗೆ ತುಂಬುವ ಕೆಲಸ ಅವಳದು. ಗಂಡ ಸತ್ತು ಒಂಬತ್ತು ವರ್ಷ. ಮೊದಲು ಕೋಣೆಯ ಮಾಳಿಗೆಯಲ್ಲಿ ಒಂದು ಬೆಳಕಿಂಡಿಯಾದರೂ ಇತ್ತು. ಸಾಹುಕಾರರು ಮೇಲೆ ಹತ್ತಿಯ ಗೋದಾಮು ಕಟ್ಟಿಸಿದಾಗ ಅದೂ ಮುಚ್ಚಿಹೋಯಿತು. ಹತ್ತಿಗೆ ಗಾಳಿ ಬೇಕೆಂದು ಗೋದಾಮಿಗೆ ನಾಲ್ಕು ಕಿಟಕಿ ಇಡಿಸಿದ್ದರು, ತೂತಿರುವ ಕಿಟಕಿಗಳನ್ನೇ.

ಅದೇ ಕೋಣೆಯಲ್ಲಿ ಎರಡು ವರ್ಷದ ಕೆಳಗೆ ಮಗಳು ಹೊಳೆಮ್ಮನ ಚೊಚ್ಚಲ ಬಾಣಂತನವಾಗಿತ್ತು. ಬಾಣಂತಿಯ ಕೆಂಡದ ಹೊಗೆ, ಒಲೆಯ ಹೊಗೆ, ಎಲ್ಲ ಅಲ್ಲೇ ಸುತ್ತುತ್ತಿತ್ತು. ಕೂಸು ಕೆಮ್ಮಿತು, ಕೆಮ್ಮಿತು, ಇಪ್ಪತ್ತೆರಡನೆಯ ದಿನ ಸುಮ್ಮನಾಯಿತು. ಕೆಟ್ಟ ದೃಷ್ಟಿ ಎಂದರು ಮಂದಿ. ಭರಮಮ್ಮನಿಗೆ ಗೊತ್ತಿತ್ತು, ಅದು ದೃಷ್ಟಿಯಲ್ಲ, ಹೊಗೆ. ಈಗ ಹೊಳೆಮ್ಮನಿಗೆ ಮತ್ತೆ ಏಳು ತಿಂಗಳು. ದೀಪಾವಳಿ ಕಳೆದ ಮೇಲೆ ಬುಕ್ಕಸಾಗರದ ಗಂಡನ ಮನೆಯಿಂದ ಕರೆತರಬೇಕು. ಅಷ್ಟರೊಳಗೆ ಗೋಡೆಯಲ್ಲಿ ಒಂದು ಕಿಂಡಿ ಆಗಲೇಬೇಕು ಎಂದು ಅವಳು ಮನಸ್ಸು ಮಾಡಿದ್ದಳು. ಹಾಗಾಗಿ ಕಂಪ್ಲಿಯ ಗಾಡಿ ಬಂದ ದಿನ ಅವಳಷ್ಟು ಹಿಗ್ಗಿದವರಿಲ್ಲ. ಬಡಗಿ ಹೋದ ದಿನ ಅವಳಷ್ಟು ಉರಿದವರೂ ಇಲ್ಲ.

ಕಮಿಟಿಯ ಸ್ಯಾನಿಟರಿ ಇನ್ಸ್‌ಪೆಕ್ಟರು ವೆಂಕೋಬರಾಯರು ಮಡಿವಂತರು. ಕೂಲಿಯವರ ಮನೆಯ ಹೊಸ್ತಿಲು ದಾಟಿದರೆ ಮತ್ತೆ ಸ್ನಾನ ಮಾಡಬೇಕು, ಒಂದು ದಿನಕ್ಕೆ ನಲವತ್ತು ಮನೆ, ನಲವತ್ತು ಸ್ನಾನ ಯಾರ ಕೈಲಾದೀತು? ಅದಕ್ಕೇ ಅವರು ಬೀದಿಯ ಆಚೆ ಬೇವಿನ ಮರದ ನೆರಳಲ್ಲಿ ನಿಂತು ಕೊಡೆಯ ತುದಿಯಿಂದ ಕಿಟಕಿ ಎಣಿಸುತ್ತಿದ್ದರು. ಒಂದು, ಎರಡು, ಏಳು. ಪುಸ್ತಕದಲ್ಲಿ ಏಳು ಎಂದು ಬರೆದರು. ಅದಿರಿನ ಕೆಂಪು ಧೂಳು ಮೆತ್ತಿದ್ದ ಭರಮಮ್ಮ ಕೈಮುಗಿದು ಎದುರು ಬಂದಳು.

"ಸ್ವಾಮೇರ, ಒಂದು ಸಲ ಒಳಗ ಬಂದು ನೋಡ್ರಿ. ಕದ ಅದಾವು, ತೂತಿಲ್ರಿ."

"ದೂರ ನಿಂತು ಮಾತಾಡವಾ. ಒಳಗ ಬಂದು ನೋಡೂದೇನದ? ಕಿಟಕಿ ಇಲ್ಲಿಂದನ ಕಾಣಸ್ತಾವ." ರಾಯರು ಕನ್ನಡಕ ಸರಿ ಮಾಡಿಕೊಂಡರು. "ಅಲ್ಲಾ, ಏಳೂ ಯಾಕ ಮುಚ್ಚ್ಯಾವ? ಸಾಹುಕಾರ್ರು ಹಾಕಿಸಿ ಕೊಟ್ಟರ ನಿಮಗ ತೆರೀಲಿಕ್ಕ ಮೈಗಳ್ಳತನ!"

"ತೆರೀಲಿಕ್ಕ ಬರಂಗಿಲ್ರಿ. ಹಿಂದ ಗೋಡಿ ಐತ್ರಿ."

"ಕಿಟಕಿ ಅಂದಮ್ಯಾಲೆ ಗೋಡೆ ಇರೂದ. ಗೋಡೆ ಇಲ್ಲದ ಕಿಟಕಿ ಎಲ್ಲೆರ ಅದ ಏನು?"

ಈ ವಿದ್ವತ್ತನ್ನೂ ರಾಯರು ಪುಸ್ತಕದಲ್ಲಿ ಬರೆದುಕೊಂಡು ಹೋದರು. ಎಂಟು ದಿನಕ್ಕೆ ಕಮಿಟಿಯ ಜವಾನ ಬಂದು ವಠಾರದ ಬಾಗಿಲಿಗೆ ಕಾಗದ ಅಂಟಿಸಿ, ಎಲ್ಲರನ್ನೂ ಕರೆದು ಓದಿದ: ಬಾಡಿಗೆದಾರರು ಕಿಟಕಿಗಳನ್ನು ಮುಚ್ಚಿಟ್ಟಿರುವುದು ಕಂಡುಬಂದಿದೆ. ಅಮಾವಾಸ್ಯೆಯೊಳಗೆ ತೆರೆಯತಕ್ಕದ್ದು. ತಪ್ಪಿದಲ್ಲಿ ದಂಡ ತೆತ್ತು ಕೋಣೆ ಖಾಲಿ ಮಾಡತಕ್ಕದ್ದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬುದನ್ನು ಸರ್ಕಾರಿ ಮೊಹರು ಹಾಕಿ ಬರೆದರೆ ಹೀಗೇ ಇರುತ್ತದೆ.

ಭರಮಮ್ಮ ಸಾಹುಕಾರರ ಮನೆಗೆ ಹೋದಳು. ಅವರು ಪಡಸಾಲೆಯಲ್ಲಿ ಎಲೆಯಡಿಕೆ ಹಾಕುತ್ತಿದ್ದರು.

"ಧಣೀರ, ನನ್ನ ಕೋಣಿದು ಒಂದ ಗೋಡಿ ತೋಡಿಸಿ ಕೊಡ್ರಿ. ಮಗಳು ಬಾಣಂತನಕ್ಕ ಬರ್ತಾಳ್ರಿ."

"ಬಾಣಂತಿಗೆ ಗಾಳಿ ತಾಕಸ್ತಿಯೇನವಾ? ಸನ್ನಿ ಹಿಡಿದೀತು," ಎಂದರು ಗವಿಸಿದ್ದಪ್ಪ, ಹೆತ್ತ ತಂದೆಯ ಕಕ್ಕುಲಾತಿಯಿಂದ. "ಹಿರೇರು ಕತ್ತಲ ಕೋಣ್ಯಾಗ ಇಡ್ರಿ ಅಂದದ್ದು ಸುಮ್ನ ಅಲ್ಲ."

"ಹೋದ ವರ್ಷ ನಿಮ್ಮ ಮಗಳ ಬಾಣಂತನಕ್ಕ ಕೆಂಡ ಹೊತ್ತಾಕಿ ನಾನರಿ. ಆ ಕೋಣಿಗೆ ಎರಡು ಕಿಡಕಿ ಅದಾವು."

"ಬಾಯಿ ಭಾಳ ಆತು ನಿಂದು. ಇರೋದಾದ್ರ ಇರು, ಇಲ್ಲಂದ್ರ ಬಿಡು. ನನ್ನ ಗೋಡಿ ಸುದ್ದಿಗೆ ಬರಬ್ಯಾಡ."

ಅವಳು ಬೇಡಿಕೊಳ್ಳಲಿಲ್ಲ. ಬೇಡಿಕೊಂಡು ಅವಳಿಗೆ ಸಾಕಾಗಿತ್ತು.

ಅಮಾವಾಸ್ಯೆಯ ದಿನ ಅದಿರಿನ ಕೆಲಸಕ್ಕೆ ರಜೆ. ಬೆಳಿಗ್ಗೆ ಊಟ ಮುಗಿಸಿ, ಸ್ಟೇಷನ್ನಿನಿಂದ ಮೇಸ್ತ್ರಿಯನ್ನು ಕೇಳಿ ತಂದಿದ್ದ ಹಾರೆಯನ್ನು ಭರಮಮ್ಮ ಗೋಡೆಗೆ ಹಾಕಿದಳು. ಅದಿರಿನ ಗುಡ್ಡೆಯನ್ನು ಮೇಲಿಂದ ಜಾರದ ಹಾಗೆ ಕೆಳಗಿಂದ ಬಿಡಿಸುವುದು ಅವಳಿಗೆ ನಿತ್ಯದ ಕೆಲಸ. ಹೊರಗಿನ ಕದಗಳ ನೇರಕ್ಕೆ ಗೋಡೆಯಲ್ಲಿ ಒಂದು ಉದ್ದನೆಯ ಕಲ್ಲು ಅಡ್ಡ ಮಲಗಿದ್ದ ಜಾಗ ನೋಡಿ, ಅದನ್ನು ಅಲ್ಲಾಡಿಸದೆ ಅದರ ಕೆಳಗೆ ತೋಡತೊಡಗಿದಳು. ಸದ್ದು ಕೇಳಿ ಪಕ್ಕದ ಕೋಣೆಯ ದ್ಯಾಮಕ್ಕ ಓಡಿಬಂದಳು.

"ಏ ಭರಮಿ, ತಲಿ ಕೆಟ್ಟೈತೇನ? ಸಾವ್ಕಾರ ಹೊರಗ ಹಾಕ್ತಾನ!"

"ಕಿಡಕಿ ತೆಗೀರಿ ಅಂತ ಕಾಗದ ಬಂದೈತಲ್ಲೇ. ತೆಗ್ಯಾಕತ್ತೀನಿ. ನಿಂತು ನೋಡಬ್ಯಾಡ, ಮಣ್ಣು ಎಳಿ."

ದ್ಯಾಮಕ್ಕ ಬಾಗಿಲ ಕಡೆ ಒಮ್ಮೆ ನೋಡಿ, ಸೆರಗು ಸಿಕ್ಕಿಸಿ ಬುಟ್ಟಿ ಹಿಡಿದಳು. ಹೊತ್ತು ನೆತ್ತಿಗೆ ಬರುವಾಗ ಹಾರೆಯ ತುದಿ ಕಟ್ಟಿಗೆಗೆ ತಾಗಿತು. ಇನ್ನೊಂದು ಏಟು ಹಾಕಿದಾಗ ಮೊಳೆ ಕಿತ್ತು ಹಸಿರು ಕದಗಳು ಬೀದಿಗೆ ತೆರೆದುಕೊಂಡವು. ಬೆಳಕು ಬಂದು ಕೋಣೆಯ ಮೂಲೆಗೆ ಬಿತ್ತು, ಹೋದ ಕೂಸನ್ನು ಮಲಗಿಸುತ್ತಿದ್ದ ಮೂಲೆಗೆ. ಹಾರೆ ಹಿಡಿದುಕೊಂಡೇ ಭರಮಮ್ಮ ಅತ್ತಳು. ಇಷ್ಟೇ ಕೆಲಸವಾಗಿತ್ತು. ಒಂದು ಹೊತ್ತಿನ ಕೆಲಸ.

ಸಾಹುಕಾರರಿಗೆ ಸುದ್ದಿ ಮುಟ್ಟಿ, ಅವರು ರಾಯರನ್ನು ಊಟದೆಲೆಯಿಂದಲೇ ಎಬ್ಬಿಸಿದಂತೆ ಎಳೆದುಕೊಂಡು ಬಂದರು. ಬೀದಿಯಲ್ಲಿ ಜನ ಸೇರಿತು.

"ನೋಡ್ರಿ ರಾಯರ, ನನ್ನ ಗೋಡಿ ಒಡದಾಳ! ಈಗಿಂದೀಗ ಬರಕೊಳ್ರಿ. ಪೊಲೀಸ್‌ಗೆ ಕೊಡ್ತೀನಿ ಈಕೀನ!"

ಭರಮಮ್ಮ ಕಿಟಕಿಯೊಳಗಿಂದ ಮುಖ ಹೊರಗೆ ಹಾಕಿದಳು. "ಗೋಡಿ ಎಲ್ಲೈತ್ರಿ ಧಣೀರ? ಕಿಡಕಿ ತೆಗದೀನಿ. ಇಲ್ಲಿ ಕಿಡಕಿ ಐತಿ ಅಂತ ರಾಯರ ಪುಸ್ತಕದಾಗ ಬರದೈತಿ."

ರಾಯರು ಮೊದಲ ಬಾರಿಗೆ ಬೀದಿ ದಾಟಿ ಗೋಡೆಯ ಹತ್ತಿರ ಬಂದರು. ಹಸಿ ಮಣ್ಣಿನ ಅಂಚು, ಮುರಿದ ಮೊಳೆ, ಗೋಡೆಗೆ ಬರೀ ಬಡಿದಿದ್ದ ಚೌಕಟ್ಟು, ಎಲ್ಲ ಕಂಡವು. ಪಕ್ಕದ ಕಿಟಕಿಯ ಕದವನ್ನು ಕೊಡೆಯಿಂದ ತಟ್ಟಿದರು. ಕಲ್ಲಿಗೆ ತಟ್ಟಿದ ಸದ್ದು. ಅವರ ಮುಖ ಇಂಗು ತಿಂದ ಮಂಗನ ಹಾಗಾಯಿತು. ಸಾಹುಕಾರರ ತೋಳು ಹಿಡಿದು ಒಂದು ಪಕ್ಕಕ್ಕೆ ಸರಿಸಿದರು.

"ಗೋಡೆ ಇತ್ತು ಅಂತ ನೀವು ಬರದುಕೊಟ್ಟರ, ಕಿಟಕಿ ಇತ್ತು ಅಂತ ಬರದ ನನ್ನ ನೌಕರಿ ಹೋಗ್ತದ. ನಿಮ್ಮ ಏಳೂ ಕೋಣಿಗೆ ಬೀಗ ಬೀಳ್ತದ. ಕಮಿಟಿಯೊಳಗ ಮಾರಿ ಹೆಂಗ ತೋರಸ್ತೀರಿ?"

ಪಿಸುಮಾತಾಡಿದ್ದು ಅವರ ಲೆಕ್ಕದಲ್ಲಿ. ಅರ್ಧ ಬೀದಿಗೆ ಕೇಳಿಸಿತು. ಗವಿಸಿದ್ದಪ್ಪನವರು ಪೊಲೀಸಿನ ಮಾತು ಬಿಟ್ಟು ಹೆಗಲ ಶಲ್ಯ ಕೊಡವಿಕೊಂಡರು. ಈ ವಿಷಯಕ್ಕೆ ಅವಳನ್ನು ಹೊರಗೆ ಹಾಕಿದರೆ ಅವಳು ಹೋಗಿ ಎಲ್ಲೆಲ್ಲಿ ಏನೇನು ಹೇಳುವಳೋ ಎಂಬುದೂ ಅವರಿಗೆ ಹೊಳೆದಿರಬೇಕು. ರಾಯರು ಗಂಟಲು ಸರಿಮಾಡಿಕೊಂಡು ಗಟ್ಟಿಯಾಗಿ ಹೇಳಿದರು: "ಕಿಟಕಿ ಮೊದಲಿಂದ ಇತ್ತು. ಈಗ ತೆರೆದಾರ. ಎಲ್ಲಾ ನಿಯಮದ ಪ್ರಕಾರ ಅದ."

"ಉಳಿದ ಆರೂ ತೆಗೀಬೇಕೇನ್ರಿ ಸ್ವಾಮೇರ?" ಎಂದು ಭರಮಮ್ಮ ಕೇಳಿದಳು.

ರಾಯರು ಸಾಹುಕಾರರ ಕಡೆ ನೋಡದೆ, "ನೋಟೀಸ್ ಕೊಟ್ಟದ್ದ ಅದಕ್ಕ," ಎಂದು ಕೊಡೆ ಬಿಚ್ಚಿ ಹೊರಟರು, ಸ್ನಾನಕ್ಕೆ. ವಾರದೊಳಗೆ ಆ ಹಾರೆ ಏಳೂ ಕೋಣೆ ಸುತ್ತಿ ಬಂತು.

ಹೊಳೆಮ್ಮ ಬಂದಳು, ಹೆತ್ತಳು. ಗಂಡು ಕೂಸು. ಬಾಣಂತಿಗೆ ಗಾಳಿ ತಾಗದಂತೆ ಕಿಟಕಿಯ ಅರ್ಧಕ್ಕೆ ಹಳೆಯ ಸೀರೆ ಕಟ್ಟಿ, ಮೇಲಿನ ಅರ್ಧ ಹೊಗೆಗೆ ಬಿಟ್ಟಿದ್ದಳು ಭರಮಮ್ಮ. ಇಪ್ಪತ್ತೆರಡನೆಯ ದಿನ ಅವಳು ಕೆಲಸಕ್ಕೆ ಹೋಗಲಿಲ್ಲ, ಕೂಸಿನ ಎದೆಯ ಮೇಲೆ ಕೈಯಿಟ್ಟು ಕೂತಿದ್ದಳು. ಕೂಸು ಕೆಮ್ಮಲಿಲ್ಲ. ಮೊಲೆ ಸಿಗದಿದ್ದಕ್ಕೆ ವಠಾರವೇ ಎದ್ದು ಬರುವಂತೆ ಕಿರುಚಿತು.

ಮರುದಿನ ಜವಾನ ಮತ್ತೊಂದು ಕಾಗದ ತಂದು ಕಿಟಕಿಯ ಮುಂದೆ ನಿಂತು ಓದಿದ. ಗವಿಸಿದ್ದಪ್ಪನವರ ವಠಾರದ ಕಿಟಕಿಗಳಿಂದ ಹೊರಬರುವ ಹೊಗೆಯಿಂದ ಬೇವಿನ ಮರದ ಕೆಳಗೆ ನಿಲ್ಲುವ ಅಧಿಕಾರಿಗಳ ಆರೋಗ್ಯಕ್ಕೆ ಬಾಧೆಯಾಗುತ್ತಿರುವುದು ಕಂಡುಬಂದಿದೆ. ಬಾಡಿಗೆದಾರರು ಕಿಟಕಿಗಳನ್ನು ಮುಚ್ಚತಕ್ಕದ್ದು.

"ಓದೋದು ಮುಗೀತೇನಪ್ಪಾ?" ಎಂದಳು ಭರಮಮ್ಮ.

"ಮುಗೀತವಾ."

"ಇತ್ತ ಕೊಡು."

ಅವನು ಕಿಟಕಿಯಲ್ಲೇ ಕೈ ಚಾಚಿ ಕೊಟ್ಟ. ಅವಳು ಅದನ್ನು ಎರಡಾಗಿ ಮಡಿಚಿ ಕೂಸಿನ ಕೆಂಡದ ಬೋಗುಣಿಗೆ ಹಾಕಿ, ಊದಿ ಹೊತ್ತಿಸಿದಳು. ಹೊಗೆ ನೆಟ್ಟಗೆ ಹೊರಗೆ ಹೋಯಿತು.