ಮೂರನೆಯ ಬಾರೋ

ಪೆನ್ಸಿಲ್ ಮೊನೆ ಸಣ್ಣಗೆ ಕರಕರ ಎನ್ನುತ್ತಿದೆ, ಕಲ್ಲಿನ — ನಾಲ್ಕು ಮಾತ್ರೆ, ದಾರಿಯ — ನಾಲ್ಕು, ನಡೆದವ — ಮತ್ತೆ ನಾಲ್ಕು, ಕೊನೆಗೆ ನೇ ಎಂಬ ಗುರು, ಕೆಳಗಿನ ಸಾಲು ಎಲ್ಲರ ಭಾರವ ಹೊತ್ತವನೇ, ಅದೂ ಹಾಗೆಯೇ, ಎರಡು ಸಾಲಿಗೂ ಎರಡನೆಯ ಅಕ್ಷರ ಲಕಾರದ ಒತ್ತು, ಪ್ರಾಸ ಕೂಡಿದೆ, ಓದು ಬಾರದ ಅವ್ವನಿಗೆ ಇದನ್ನು ಹೇಳಿಕೊಟ್ಟವರು ಯಾರು, ರೊಟ್ಟಿ ಬಡಿಯುತ್ತ ಕಟ್ಟಿದ ಹಾಡು, ಕೈಯ ಬಡಿತವೇ ತಾಳ — ಯರಗುಪ್ಪಿಯ ಚರ್ಚಿನ ಚಾಪೆಯ ಮೇಲೆ ಸುನಿತಾ ಹಾಡಿನ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಾಳೆ, ಅವ್ವ ರಾಮವ್ವ ತೀರಿ ಇಂದಿಗೆ ತಿಂಗಳು, ಸ್ಮರಣೆಯ ಆರಾಧನೆ, ಟೀಚರ್ರ, ನಿಮ್ಮವ್ವಾರ ಹಾಡಿನ ಛಂದಸ್ಸಿನ ಮ್ಯಾಲೆ ನಾಕು ಮಾತು ಹೇಳ್ರಿ ಎಂದಿದ್ದಾರೆ ಪಾಸ್ಟರು, ಹೇಳಬಹುದು, ಹದಿನೆಂಟು ವರ್ಷದಿಂದ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿರುವವಳು, ಪಲ್ಲವಿ ನೋಡಿ, ಬಾರೋ ಬಾರೋ ಯೇಸುವೆ ಬಾ, ಹದಿನಾಲ್ಕು ಮಾತ್ರೆ, ಒಂದೂ ಹೆಚ್ಚಿಲ್ಲ — ಹೆಚ್ಚಿತ್ತು, ಅವ್ವ ಮೂರು ಸಲ ಬಾರೋ ಎನ್ನುತ್ತಿದ್ದಳು, ಬಿ.ಎ. ಓದುವಾಗ ಪುಸ್ತಕಕ್ಕೆಂದು ಬರೆದುಕೊಟ್ಟವಳು ತಾನೇ, ಅವ್ವಾ, ಒಂದು ಬಾರೋ ಹೆಚ್ಚಾಗೇತಿ, ಲಯ ಕೆಡತೈತಿ, ತಗೀತೀನಿ, ಅವ್ವ ಹಂಚಿನ ಮೇಲಿನ ರೊಟ್ಟಿ ಮಗುಚುತ್ತ, ನೀ ಕಲ್ತಾಕಿ, ನಿನಗ ಗೊತ್ತಿರತೈತಿ, ತಗೀ ಎಂದಳು, ಆಮೇಲೆ ಪಲ್ಲವಿ ಬಂದಾಗಲೆಲ್ಲ ಬಾಯಿ ಮುಚ್ಚಿಬಿಡುತ್ತಿದ್ದಳು, ಗಂಟಲು ಕೆಟ್ಟಿರಬೇಕು ಎಂದುಕೊಂಡಿದ್ದಳು ಸುನಿತಾ, ಒಮ್ಮೆಯೂ ಕೇಳಲಿಲ್ಲ —

ಪಕ್ಕದಲ್ಲಿ, ಪರವೂರಿನಿಂದ ಬಂದ ದೊಡ್ಡವ್ವ ಗೌರಕ್ಕ ಬಂದು ಕೂರುತ್ತಾಳೆ, ಸುನಿತಾ ಗುನುಗಿದ್ದು ಕೇಳಿಸಿದೆ, ಎರಡ ಸಲಾ ಯಾಕ್ ಅಂತೀಬೇ, ಮೂರ ಸಲಾ ಅನಬೇಕು, ನಿಮ್ಮಣ್ಣ ಭೀಮೇಶ ಕಾಮಣಿಯಾಗಿ ತೀರಿಕೊಂಡ ವರ್ಷ ಕಟ್ಟಿದ ಹಾಡದು, ನೀ ಆಗ ತೊಟ್ಟಿಲದಾಗ ಇದ್ದಿ, ಅವನ ಕಿವಿ ಮಂದ, ಒಂದ ಸಲಾ ಕರದ್ರ ಕೇಳತಿದ್ದಿಲ್ಲ, ಎರಡ ಸಲಾ ಕರದ್ರೂ ಇಲ್ಲ, ಮೂರನೇದಕ್ಕ ಓ ಅಂತಿದ್ದ — ಓ ಅಂತಿದ್ದ, ಆ ಮೂರನೆಯ ಬಾರೋ, ನಾಲ್ಕು ಮಾತ್ರೆ, ನಾಲ್ಕೇ ಮಾತ್ರೆ, ಅಷ್ಟಕ್ಕೆ ಅವನ ಕಿವಿಗೆ ಮುಟ್ಟುವ ಕೂಗನ್ನೇ ತೆಗೆದು ಹಾಕಿದೆನಲ್ಲ, ಇಪ್ಪತ್ತು ವರ್ಷ ಅವ್ವ ಆ ಮುಚ್ಚಿದ ತುಟಿಯ ಹಿಂದೆ ಒಬ್ಬಳೇ ಕರೆಯುತ್ತಿದ್ದಳೇ, ಬರ್ರಿ ಟೀಚರ್ರ ಎನ್ನುತ್ತಿದ್ದಾರೆ ಪಾಸ್ಟರು, ಎದ್ದಳು, ಮುಂದೆ ನಿಂತಳು, ಪ್ರಾಸ ಗುರುತಿಸಿದ್ದ ಪುಸ್ತಕ ಮುಚ್ಚಿದಳು, ಹಾಡು ತಪ್ಪೈತ್ರಿ, ನಾನ ತಪ್ಪಿಸೇನಿ, ಬಾರೋ ಮೂರ ಸಲಾ ಅನ್ರಿ ಎಂದಳು, ಜನ ತಲೆಯಾಡಿಸಿದರು, ಹಾರ್ಮೋನಿಯಂ ನುಡಿಯಿತು, ಬಾರೋ, ಬಾರೋ, ಇಷ್ಟು ವರ್ಷದ ರೂಢಿ ಎಲ್ಲರನ್ನೂ ಯೇಸುವೆ ಎಂಬಲ್ಲಿಗೆ ಎಳೆದೊಯ್ದಿತು, ಹಿಂದೆ ಉಳಿದದ್ದು ಅವಳೊಬ್ಬಳ ದನಿ, ತಗಡಿನ ಮಾಡಿಗೆ ಬಡಿದು, ಬಾರೋ —